ಜಾಗ ಅಲ್ಲ, ನೀರು ಅಳೆಯಿರಿ: ಮಾಸ್ತಿ ಸೀಮೆಯ ತರಕಾರಿ ತೋಟದ ಕಥೆ

ಇವತ್ತಿನ ಸಂಚಿಕೆ ಒಂದು ಸೋಲಿನಿಂದ ಶುರುವಾಗುತ್ತೆ. ಬೇರೆ ಯಾರದ್ದೋ ಅಲ್ಲ, ನನ್ನದೇ.

2020ರ ಮಾರ್ಚ್ ಕೊನೆ. ಲಾಕ್‌ಡೌನ್ ಘೋಷಣೆ ಆಯ್ತು. ಬೆಂಗಳೂರಿನ ಬಾಡಿಗೆ ರೂಮಿಗೆ ಬೀಗ ಹಾಕಿ ಊರಿಗೆ ಬಂದೆ. ಊರು ಅಂದರೆ ಮಾಲೂರು ತಾಲ್ಲೂಕು, ಮಾಸ್ತಿ ಹೋಬಳಿ. ಮಾಸ್ತಿ ಅಂದ ಕೂಡಲೇ ನಿಮಗೆ ಸಣ್ಣಕಥೆಗಳ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ನೆನಪಾಗ್ತಾರೆ, ಸರಿ. ಆದರೆ ಇವತ್ತು ಕಥೆ ಅವರದ್ದಲ್ಲ, ಅವರ ಸೀಮೆಯ ಮಣ್ಣಿನದು. ಮನೆ ಹಿಂದೆ ನಮ್ಮದು ಹತ್ತು ಗುಂಟೆ ಖಾಲಿ ಜಾಗ ಬಿದ್ದಿತ್ತು. ಕೈಯಲ್ಲಿ ಮೊಬೈಲ್, ಮೊಬೈಲಲ್ಲಿ ವಿಡಿಯೋ, ತಲೆಯಲ್ಲಿ ಹುಮ್ಮಸ್ಸು. ಟ್ರ್ಯಾಕ್ಟರ್ ಕರೆಸಿ ಉಳಿಸಿದೆ. ಟೊಮೆಟೊ, ಬದನೆ, ಬೆಂಡೆ, ಬೀನ್ಸ್, ಕೋಸು, ಮೆಣಸಿನಕಾಯಿ, ಎಲ್ಲ ಒಟ್ಟಿಗೆ ಹಾಕಿದೆ. ಮನೆಗೆ ಆಗಿ ಮಿಕ್ಕಿದ್ದನ್ನು ಬೀದಿಗೆಲ್ಲ ಹಂಚೋಣ ಅಂತ ಲೆಕ್ಕ.

ನಮ್ಮಜ್ಜಿ ಜಗುಲಿ ಮೇಲೆ ಕೂತು ಎಲ್ಲಾ ನೋಡ್ತಾ ಇದ್ದರು. ಕೊನೆಗೆ ಒಂದೇ ಮಾತು ಕೇಳಿದರು: "ಜಾಗ ಐತೆ ಸರಿ ಕಣಪ್ಪಾ, ನೀರೆಲ್ಲೈತೆ?"

ಪಕ್ಕದ ಹೊಲದ ಬೋರ್‌ವೆಲ್‌ನಿಂದ ಪೈಪ್ ಎಳೆದುಕೊಂಡಿದ್ದೆ. ತ್ರೀ ಫೇಸ್ ಕರೆಂಟ್ ಬರೋದು ದಿನಕ್ಕೆ ಕೆಲವೇ ಗಂಟೆ, ಅದೂ ಎಷ್ಟೋ ಸಲ ರಾತ್ರಿ. ಏಪ್ರಿಲ್ ಮೂರನೇ ವಾರಕ್ಕೆ ಆ ಬೋರು ನೀರಿನ ಬದಲು ಗಾಳಿ ಉಗುಳೋಕೆ ಶುರು ಮಾಡ್ತು. ಅವರ ಬೆಳೆಗೇ ನೀರಿಲ್ಲದಿದ್ದಾಗ ನನಗೆಲ್ಲಿ ಕೊಡ್ತಾರೆ? ಮೇ ಹೊತ್ತಿಗೆ ಹತ್ತು ಗುಂಟೆಯಲ್ಲಿ ಹಸಿರು ಅಂತ ಉಳಿದದ್ದು ಬಚ್ಚಲ ಮೋರಿ ಪಕ್ಕ ಅಜ್ಜಿ ಮೊದಲೇ ಹಾಕಿದ್ದ ಬಾಳೆ, ನುಗ್ಗೆ, ಕರಿಬೇವು ಮಾತ್ರ.

ಅಜ್ಜಿಯ ಆ ಪ್ರಶ್ನೆ ಹಿಡಿದುಕೊಂಡು ನಾನು ಈ ಸೀಮೆಯ ತರಕಾರಿ ಚರಿತ್ರೆ ಹುಡುಕಿದೆ. ಅದರಲ್ಲಿ ಸಿಕ್ಕ ಒಂದು ವಿಷಯ ಹೊಸದಾಗಿ ತೋಟ ಹಾಕೋ ಯಾರಿಗಾದರೂ ಬೇಕಾಗುತ್ತೆ ಅನ್ನಿಸ್ತು. ಅದನ್ನೇ ಇವತ್ತು ಹೇಳ್ತೀನಿ.

ಮೂರು ತೋಟ, ಮೂರು ನೀರು

ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯೋ ನದಿ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ ಇವೆ, ಆದರೆ ಮಳೆ ಬಂದಾಗ ಮಾತ್ರ ಅವು ನದಿ. ಉಳಿದ ದಿನ ಮರಳು. ಮಳೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್, ಅದೂ ಬಂದರೆ. ಅದಕ್ಕೇ ನಮ್ಮ ಹಿಂದಿನವರು ಕೆರೆ ಕಟ್ಟಿದರು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿದ್ದು 2007ರಲ್ಲಿ. ಅದಕ್ಕೂ ಮುಂಚಿನ ಅವಿಭಜಿತ ಕೋಲಾರದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು.

ಇಂಥ ಜಾಗದಲ್ಲಿ ಜನ ತರಕಾರಿ ಎಲ್ಲಿಂದ ತಿನ್ತಿದ್ದರು? ನಾನು ಅಂದುಕೊಂಡಿದ್ದು, ಪ್ರತಿ ಮನೆಗೂ ಒಂದು ದೊಡ್ಡ ತರಕಾರಿ ತೋಟ ಇತ್ತು ಅಂತ. ಹಾಗಿರಲಿಲ್ಲ. ಒಂದು ಮನೆಯ ತರಕಾರಿ ಮೂರು ಕಡೆಯಿಂದ ಬರ್ತಿತ್ತು. ಮೂರಕ್ಕೂ ಬೇರೆ ಬೇರೆ ನೀರು.

ಒಂದು, ಹಿತ್ತಲು. ಅದರ ನೀರು ಬಚ್ಚಲಿಂದ. ಸ್ನಾನ ಮಾಡಿದ್ದು, ಪಾತ್ರೆ ತೊಳೆದದ್ದು, ಅಕ್ಕಿ ತೊಳೆದದ್ದು, ಎಲ್ಲ ಒಂದು ಸಣ್ಣ ಕಾಲುವೆಯಲ್ಲಿ ಹರಿದು ಬಾಳೆ ಬುಡಕ್ಕೆ, ನುಗ್ಗೆ ಬುಡಕ್ಕೆ, ಚಪ್ಪರ ಹತ್ತಿದ ಹೀರೆ, ಸೋರೆ, ಪಡವಲದ ಬುಡಕ್ಕೆ. ಗಮನಿಸಿ, ಎಲ್ಲವೂ ನೆಲದಿಂದ ಎತ್ತರದಲ್ಲಿ ಕಾಯಿ ಬಿಡುವಂಥವು. ಕೊಳೆ ನೀರು ಬೇರಿಗೆ ಹೋಗುತ್ತೆ, ತಿನ್ನೋ ಕಾಯಿಗೆ ತಾಗಲ್ಲ.

ಎರಡು, ರಾಗಿ ಹೊಲ. ಅದರ ನೀರು ಬರೀ ಮಳೆ. ರಾಗಿ ಮಧ್ಯೆ ಅಕ್ಕಡಿ ಸಾಲು ಹಾಕ್ತಿದ್ದರು: ಅವರೆ, ತೊಗರಿ, ಅಲಸಂದೆ, ಸಾಸಿವೆ, ಹುಚ್ಚೆಳ್ಳು. ಬದುವಿನ ಮೇಲೆ ಕುಂಬಳ. ಇದರ ಜೊತೆಗೆ ಯಾರೂ ಬಿತ್ತದೆ ತಾನಾಗೇ ಬರೋ ಸೊಪ್ಪುಗಳು. ಕಳೆ ಕೀಳೋಕೆ ಹೋದ ಹೆಂಗಸರು ಸಂಜೆ ಮಡಿಲಲ್ಲಿ ಬೆರಕೆ ಸೊಪ್ಪು ತುಂಬಿಕೊಂಡು ಬರ್ತಿದ್ದರು. ಕೋಲಾರದ ಕಡೆಯವರಿಗೆ ಬೆರಕೆ ಸೊಪ್ಪಿನ ಸಾರು, ಮುದ್ದೆ ಅಂದ ಕೂಡಲೇ ಬಾಯಲ್ಲಿ ನೀರು ಬರುತ್ತಲ್ಲ, ಅದು ಇದೇ ಸೊಪ್ಪು. 1876ರಿಂದ 78ರ ಮಹಾ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯಲ್ಲಿ ಐದನೇ ಒಂದು ಭಾಗದಷ್ಟು ಜನ ಇಲ್ಲವಾದರು. ಅಂಥ ಬರಗಳನ್ನು ಕಂಡ ನೆಲದಲ್ಲಿ ಯಾವ ಸೊಪ್ಪು ತಿನ್ನಬಹುದು, ಯಾವುದು ಬಾರದು ಅನ್ನೋ ತಿಳಿವಳಿಕೆ ರುಚಿಯ ವಿಷಯ ಮಾತ್ರ ಆಗಿರಲಿಲ್ಲ.

ಮೂರು, ಬಾವಿ ತೋಟ. ಇದು ಎಲ್ಲರಿಗೂ ಇರಲಿಲ್ಲ. ಬಾವಿ ಇದ್ದವರಿಗೆ ಮಾತ್ರ. ನಾವು ಇವತ್ತು ಯಾವುದನ್ನು ತರಕಾರಿ ತೋಟ ಅಂತೀವೋ, ಮಡಿ ಕಟ್ಟಿ, ಸಾಲು ತೆಗೆದು, ಸಸಿ ನೆಟ್ಟು, ಮೂರು ದಿನಕ್ಕೊಮ್ಮೆ ನೀರು ಹಾಯಿಸೋದು, ಅದು ಈ ಮೂರನೆಯದು.

ಎತ್ತಿನ ಶಕ್ತಿಯಷ್ಟೇ ತೋಟ

ಬಾವಿ ತೋಟ ಎಷ್ಟು ದೊಡ್ಡದಿರ್ತಿತ್ತು? ಇದಕ್ಕೆ ಉತ್ತರ ಇನ್ನೂರು ವರ್ಷ ಹಿಂದೆ ಹೋದರೆ ಸಿಗುತ್ತೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ, ಹೊಸದಾಗಿ ಕೈಗೆ ಬಂದ ಸೀಮೆ ಹೇಗಿದೆ ನೋಡಿ ಬರೋಕೆ ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯನನ್ನು ಕಳಿಸ್ತು. 1800ರಲ್ಲಿ ಆತ ಕೋಲಾರದ ಕಡೆಯೂ ಬಂದ. ಹೋದಲ್ಲೆಲ್ಲ ರೈತರನ್ನು ಕೂರಿಸಿಕೊಂಡು ಏನು ಬೆಳೀತೀರಿ, ಹೇಗೆ ಬೆಳೀತೀರಿ, ಎಷ್ಟು ಸಿಗುತ್ತೆ ಅಂತ ಕೇಳಿ ಬರೆದುಕೊಂಡ. 1807ರಲ್ಲಿ ಲಂಡನ್ನಿನಲ್ಲಿ ಅದು ಮೂರು ಸಂಪುಟಗಳಾಗಿ ಅಚ್ಚಾಯ್ತು. ಬಾವಿಯಿಂದ ನೀರೆತ್ತುವ ಏತ ಮತ್ತು ಕಪಿಲೆ, ಎರಡರ ಹೆಸರೂ ಅದರಲ್ಲಿವೆ.

ಏತ ನೀವು ನೋಡಿರಲ್ಲ, ಆದ್ದರಿಂದ ಹೇಳ್ತೀನಿ. ಒಂದು ಕಂಬದ ಮೇಲೆ ಉದ್ದನೆಯ ಮರದ ತೊಲೆ, ತಕ್ಕಡಿ ಥರ. ಒಬ್ಬ ಮನುಷ್ಯ ಆ ತೊಲೆ ಮೇಲೆ ಹಿಂದೆ ಮುಂದೆ ನಡೀತಾನೆ. ಅವನ ಭಾರಕ್ಕೆ ಬಾವಿಯಲ್ಲಿನ ಬಕೆಟ್ ಮೇಲೆ ಬರುತ್ತೆ, ಕೆಳಗೆ ನಿಂತವನು ಸುರೀತಾನೆ. ನೀರು ಮೇಲೇ ಇದ್ದರೆ ಇದು ಸಾಕು.

ನೀರು ಆಳ ಇದ್ದರೆ ಕಪಿಲೆ. ಎರಡು ಎತ್ತು, ಉದ್ದ ಹಗ್ಗ, ಚರ್ಮದ ದೊಡ್ಡ ಚೀಲ. ಎತ್ತು ಇಳಿಜಾರಿನಲ್ಲಿ ಇಳಿದರೆ ಚೀಲ ಮೇಲೆ ಬರುತ್ತೆ. ಚೀಲದ ಕೆಳಗೆ ಆನೆ ಸೊಂಡಿಲಿನ ಥರ ಒಂದು ಬಾಯಿ, ಅದಕ್ಕೆ ಬೇರೆ ಹಗ್ಗ. ಮೇಲೆ ಬಂದಾಗ ಸೊಂಡಿಲು ತಾನೇ ತಾನಾಗಿ ತೊಟ್ಟಿಗೆ ಬಾಗಿ ನೀರು ಸುರಿಯುತ್ತೆ. ತೊಟ್ಟಿಯಿಂದ ಕಾಲುವೆ, ಕಾಲುವೆಯಿಂದ ಮಡಿ. ಎತ್ತು ಮತ್ತೆ ಹಿಂದಕ್ಕೆ ಹತ್ತಬೇಕು. ಹೀಗೆ ಬೆಳಗ್ಗೆಯಿಂದ ಬಿಸಿಲೇರುವ ತನಕ.

ಈಗ ಯೋಚನೆ ಮಾಡಿ. ತೋಟ ಎಷ್ಟು ದೊಡ್ಡದಿರಬೇಕು ಅಂತ ತೀರ್ಮಾನ ಮಾಡಿದ್ದು ಯಾರು? ಯಜಮಾನ ಅಲ್ಲ, ಎತ್ತು. ಎತ್ತಿಗೆ ಸುಸ್ತಾದಾಗ ನೀರು ನಿಂತಿತು. ನೀರು ನಿಂತಲ್ಲಿ ತೋಟದ ಗಡಿ. ಸಂಜೆ ಎತ್ತು ಬಿಚ್ಚಿದ ಮೇಲೆ ಬಾವಿಗೂ ವಿಶ್ರಾಂತಿ, ರಾತ್ರಿಯಿಡೀ ಜಲ ಊರಿ ಮತ್ತೆ ಮಟ್ಟ ಏರ್ತಿತ್ತು. ಕೆರೆ ತುಂಬಿದ ವರ್ಷ ನಾಲ್ಕು ಮಡಿ ಹೆಚ್ಚು, ಕೆರೆ ಬತ್ತಿದ ವರ್ಷ ಅರ್ಧ ತೋಟ ಬೀಳು. ಬೆಂಗಳೂರು, ಕೋಲಾರದ ಸುತ್ತ ತೋಟಗಾರಿಕೆಗೇ ಹೆಸರಾದ ತಿಗಳ ಸಮುದಾಯದವರು ಹೀಗೆ ಅಂಗೈಯಗಲದ ನೆಲದಲ್ಲಿ ಸೊಪ್ಪು, ತರಕಾರಿ, ಹೂವು ತೆಗೆದು ಊರುಗಳನ್ನೇ ಸಾಕಿದರು. ಅವರ ಜಾಣತನ ನೆಲ ಹಿಗ್ಗಿಸೋದರಲ್ಲಿ ಇರಲಿಲ್ಲ. ಇದ್ದ ನೀರಿಗೆ ತಕ್ಕ ಹಾಗೆ ಮಡಿ ಕಟ್ಟೋದರಲ್ಲಿ ಇತ್ತು.

ಸೀಮೆಯಿಂದ ಬಂದ ಬಾಯಾರಿಕೆ

ಆಮೇಲೆ ತರಕಾರಿಗಳೇ ಬದಲಾದವು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ಪ್ರದೇಶ ಶುರುವಾಯ್ತು. ದಂಡಿನವರಿಗೆ ಕೋಸು ಬೇಕು, ಬೀನ್ಸ್ ಬೇಕು, ಆಲೂಗಡ್ಡೆ ಬೇಕು. ಲಾಲ್‌ಬಾಗ್ ಇದಕ್ಕೆಲ್ಲ ಪ್ರಯೋಗಶಾಲೆ ಆಯ್ತು. 1874ರಿಂದ 1908ರವರೆಗೆ ಲಾಲ್‌ಬಾಗ್ ನೋಡಿಕೊಂಡ ಜಾನ್ ಕ್ಯಾಮರಾನ್ ಎಷ್ಟೋ ಹೊರದೇಶದ ಗಿಡಗಳನ್ನು ತಂದು ಒಗ್ಗಿಸಿದರು. ನಾವು ಸಾಂಬಾರಿಗೆ ಹಾಕೋ ಸೀಮೆಬದನೆ ಅವುಗಳಲ್ಲಿ ಒಂದು. ಹೆಸರಲ್ಲೇ ಇದೆ ನೋಡಿ, 'ಸೀಮೆ' ಅಂದರೆ ಹೊರಗಿನದು. ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ, ಬೀನ್ಸ್ ಎಲ್ಲದರ ತವರೂ ಅಮೆರಿಕ ಖಂಡಗಳು. ಇವತ್ತು ಅವಿಲ್ಲದೆ ನಮ್ಮ ಅಡುಗೆ ಇಲ್ಲ.

ಆದರೆ ಒಂದು ವ್ಯತ್ಯಾಸ ಇದೆ. ಅವರೆ, ತೊಗರಿ, ಕುಂಬಳ ಇವು ಮಳೆ ನಾಲ್ಕು ದಿನ ತಡ ಆದರೂ ಹಲ್ಲು ಕಚ್ಚಿಕೊಂಡು ನಿಲ್ತವೆ. ಕೋಸಿಗೆ, ಟೊಮೆಟೊಗೆ, ಬೀನ್ಸ್‌ಗೆ ದಿನದ ಲೆಕ್ಕದಲ್ಲಿ ನೀರು ಬೇಕು. ಅಂದರೆ ಹೊಸ ತರಕಾರಿ ಬಂದಷ್ಟೂ ಮೊದಲ ಎರಡು ತೋಟ ಸಣ್ಣದಾಗಿ, ಮೂರನೆಯ ತೋಟ, ಬಾವಿ ತೋಟ, ದೊಡ್ಡದಾಗ್ತಾ ಹೋಯ್ತು. ಬೆಂಗಳೂರಿನ ಮಾರ್ಕೆಟ್ಟು ಹತ್ತಿರ ಇದ್ದದ್ದರಿಂದ ತಿನ್ನೋಕೆ ಬೆಳೆಯೋದು ಮಾರೋಕೆ ಬೆಳೆಯೋದಾಯ್ತು.

ಎತ್ತು ಬಿಚ್ಚಿದ ಮೇಲೆ

ಕೋಲಾರ ಜಿಲ್ಲೆಗೆ ಕರೆಂಟ್ ಬಂದದ್ದು ಯಾವಾಗ ಗೊತ್ತಾ? 1902ರಲ್ಲಿ. ಶಿವನಸಮುದ್ರದಿಂದ ತಂತಿ ಎಳೆದು ಕೆ.ಜಿ.ಎಫ್.ಗೆ ತಂದರು, ಚಿನ್ನ ತೆಗೆಯೋ ಯಂತ್ರಗಳಿಗೆ. ಆಗ ಬೆಂಗಳೂರಿನ ಬೀದಿಗಳಿಗೂ ವಿದ್ಯುತ್ ದೀಪ ಇರಲಿಲ್ಲ. ಅದೇ ಜಿಲ್ಲೆಯ ಹಳ್ಳಿಗಳಲ್ಲಿ ಆಮೇಲೂ ಎಷ್ಟೋ ದಶಕ ಎತ್ತುಗಳೇ ನೀರೆಳೆದವು.

1942ರಲ್ಲಿ ಬರ್ಮಾ ಜಪಾನಿನ ಕೈ ಸೇರಿ ಅಲ್ಲಿಂದ ಬರೋ ಅಕ್ಕಿ ನಿಂತಾಗ 'ಹೆಚ್ಚು ಆಹಾರ ಬೆಳೆಯಿರಿ' ಚಳವಳಿ ಶುರುವಾಯ್ತು. 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಸೋಮವಾರ ರಾತ್ರಿ ಊಟ ಬಿಡಿ ಅಂದರು. ತಮ್ಮ ಸರ್ಕಾರಿ ನಿವಾಸದ ಹುಲ್ಲುಹಾಸನ್ನೇ ಉತ್ತು ಬಿತ್ತಿದರು. ಬಿಡುವಿದ್ದ ಜಾಗದಲ್ಲೆಲ್ಲ ಏನಾದರೂ ಬೆಳೆಯಿರಿ ಅನ್ನೋದು ಆ ಕಾಲದ ಕರೆ. ನಮ್ಮ ರಾಜ್ಯದಲ್ಲಿ ಡಾ. ಎಂ.ಎಚ್. ಮರಿಗೌಡರ ನೇತೃತ್ವದಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆಯೇ ಬೆಳೆಯಿತು. 1967ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹುಟ್ಟಿತು. ಹೆಸರಘಟ್ಟದಲ್ಲಿರೋ ಆ ಸಂಸ್ಥೆ ಕೊಡೋ ತಳಿಗಳ ಹೆಸರೆಲ್ಲ 'ಅರ್ಕಾ' ಅಂತ ಶುರುವಾಗುತ್ತೆ, ಅರ್ಕಾವತಿ ನದಿಯ ನೆನಪಿಗೆ. ಬೆಂಡೆಯ ಎಲೆ ಹಳದಿಯಾಗೋ ನಂಜುರೋಗ ತಡೆಯೋ ಅರ್ಕಾ ಅನಾಮಿಕಾ ಇಲ್ಲಿಯದೇ. ಬೀಜ, ಗೊಬ್ಬರ, ವಿದ್ಯೆ, ಎಲ್ಲಾ ಬಂತು. ಪಂಪ್‌ಸೆಟ್ಟೂ ಬಂತು.

ಪಂಪ್‌ಸೆಟ್ಟಿಗೆ ಸುಸ್ತಾಗಲ್ಲ. ಇಲ್ಲೇ ಕಥೆ ತಿರುಗಿದ್ದು. ಬಾವಿಗೆ ಸಿಗ್ತಿದ್ದ ರಾತ್ರಿಯ ವಿಶ್ರಾಂತಿ ತಪ್ಪಿತು. ತೆರೆದ ಬಾವಿ ಬತ್ತಿದ ಮೇಲೆ ಬೋರ್‌ವೆಲ್. ಮೊದಲು ಇನ್ನೂರು ಅಡಿ, ಆಮೇಲೆ ಐನೂರು, ಕೊನೆಗೆ ಸಾವಿರ ಅಡಿ ದಾಟಿತು. ಅಷ್ಟು ಆಳದ ನೀರಿನ ಜೊತೆ ಫ್ಲೋರೈಡ್ ಕೂಡ ಮೇಲೆ ಬಂತು.

ಅದೇ ಹೊತ್ತಿಗೆ ಉಳಿದ ಎರಡು ತೋಟಗಳೂ ಹೋದವು. 1980ರ ದಶಕದ ಸಾಮಾಜಿಕ ಅರಣ್ಯದ ಕಾಲದಲ್ಲಿ ಎಷ್ಟೋ ರಾಗಿ ಹೊಲಗಳಿಗೆ ನೀಲಗಿರಿ ಬಂತು. ಮರ ಕಡಿದು ಮಾರಿದರೆ ದುಡ್ಡು, ಕೂಲಿಯ ತಲೆನೋವಿಲ್ಲ. ಆದರೆ ನೀಲಗಿರಿ ಕೆಳಗೆ ಅಕ್ಕಡಿ ಸಾಲಿಲ್ಲ, ಬೆರಕೆ ಸೊಪ್ಪಿಲ್ಲ. ಹೊಸದಾಗಿ ನೀಲಗಿರಿ ನೆಡಬಾರದು ಅಂತ ಸರ್ಕಾರ ಆದೇಶ ಮಾಡಿದ್ದು 2017ರಲ್ಲಿ. ಇನ್ನು ಹಿತ್ತಲು? ಮನೆಗಳು ಆರ್‌ಸಿಸಿ ಆದವು, ಬಚ್ಚಲು ಬಾತ್‌ರೂಮ್ ಆಯ್ತು, ಬಚ್ಚಲ ನೀರು ಪೈಪಿನಲ್ಲಿ ಊರ ಚರಂಡಿ ಸೇರಿತು.

ಹೀಗೆ ಮೂರು ನೀರು ಹೋಗಿ ಒಂದೇ ನೀರು ಉಳಿಯಿತು. ನಾನು 2020ರಲ್ಲಿ ಹತ್ತು ಗುಂಟೆಯನ್ನೂ ಆ ಒಂದೇ ನೀರಿಗೆ ಕಟ್ಟಿದ್ದೆ. ಅದು ನಿಂತ ದಿನ ಎಲ್ಲಾ ನಿಂತಿತು.

ಇಷ್ಟರ ಮಧ್ಯೆಯೂ ಕೋಲಾರದ ರೈತರು ಸೋತು ಕೂರಲಿಲ್ಲ, ಇದನ್ನು ಹೇಳಲೇಬೇಕು. ಹನಿ ನೀರಾವರಿ, ಮಲ್ಚಿಂಗ್ ಶೀಟು ಹಾಕಿಕೊಂಡು ಈ ಬರದ ನೆಲದಿಂದಲೇ ದೇಶದ ಮೂಲೆ ಮೂಲೆಗೆ ಟೊಮೆಟೊ ಕಳಿಸ್ತಾರೆ. ಕೋಲಾರದ ಎಪಿಎಂಸಿ ಟೊಮೆಟೊಗೆ ದೇಶದಲ್ಲೇ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. 2023ರ ಜುಲೈನಲ್ಲಿ ಅಲ್ಲಿ 15 ಕೆಜಿಯ ಒಂದು ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಬೇರೆ ವರ್ಷಗಳಲ್ಲಿ ಅದೇ ಟೊಮೆಟೊ ರಸ್ತೆ ಬದಿ ಸುರಿದದ್ದನ್ನೂ ನಾವು ನೋಡಿದ್ದೀವಿ.

ಬೆಂಗಳೂರಿನ ಬಚ್ಚಲು, ಕೋಲಾರದ ಹಿತ್ತಲು

2018ರ ಜೂನ್‌ನಲ್ಲಿ ಒಂದು ವಿಚಿತ್ರ ನಡೀತು. ಕೆ.ಸಿ. ವ್ಯಾಲಿ ಯೋಜನೆ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಗೆ ಹರಿಯೋ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸೋದು. ದಿನಕ್ಕೆ 44 ಕೋಟಿ ಲೀಟರ್ ಯೋಜನೆಯ ಗುರಿ. ಮೊದಲು ನೀರು ಬಂದದ್ದು ಲಕ್ಷ್ಮೀಸಾಗರ ಕೆರೆಗೆ. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ತುಂಬಿದವು, ಸುತ್ತಲಿನ ಬೋರ್‌ವೆಲ್‌ಗಳಲ್ಲಿ ನೀರು ಏರಿತು ಅಂತ ರೈತರು ಹೇಳಿದರು. ಜೊತೆಗೇ ವಿರೋಧವೂ ಬಂತು: ನೀರನ್ನು ಎರಡೇ ಹಂತ ಶುದ್ಧ ಮಾಡ್ತಿದ್ದೀರಿ, ಮೂರನೇ ಹಂತವೂ ಬೇಕು, ಇಲ್ಲದಿದ್ದರೆ ಅಂತರ್ಜಲ ಕೆಡುತ್ತೆ ಅಂತ. ವಿಷಯ ಕೋರ್ಟಿಗೂ ಹೋಯ್ತು.

ಇದನ್ನು ಅಜ್ಜಿಗೆ ವಿವರಿಸಿದಾಗ ಅವರು ನಕ್ಕರು. "ಅಂದರೆ ಬೆಂಗಳೂರಿನವರ ಬಚ್ಚಲ ನೀರು ನಮ್ಮ ಹಿತ್ತಲಿಗೆ ಬಂತು ಅನ್ನು" ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅದರಲ್ಲಿ ಏನೇನು ತೊಳೆದಿರ್ತಾರೋ?" ಅವರ ಕಾಲದ ಬಚ್ಚಲಲ್ಲಿ ಸೀಗೆಕಾಯಿ, ಬೂದಿ. ನಮ್ಮ ಕಾಲದ್ದರಲ್ಲಿ ಡಿಟರ್ಜೆಂಟು, ಇನ್ನೂ ಏನೇನೋ. ಮೂರನೇ ಹಂತದ ಶುದ್ಧೀಕರಣ ಕೇಳೋರ ವಾದವೂ ಹೆಚ್ಚುಕಮ್ಮಿ ಇದೇ.

ಎರಡನೇ ಸಲ

ಈಗ ಲೆಕ್ಕಕ್ಕೆ ಬರೋಣ. ಬೇಸಿಗೆಯಲ್ಲಿ ತರಕಾರಿ ನೆಲಕ್ಕೆ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಬೇಕು ಅಂತ ಇಟ್ಟುಕೊಳ್ಳಿ. ಒಂದು ಗುಂಟೆ ಅಂದರೆ 1,089 ಚದರ ಅಡಿ, ಅಂದರೆ ಸುಮಾರು 100 ಚದರ ಮೀಟರ್. ಗುಂಟೆಗೆ ದಿನಕ್ಕೆ 500 ಲೀಟರ್ ಆಯ್ತು. ನನ್ನ ಹತ್ತು ಗುಂಟೆಗೆ 5,000 ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ ಮುನ್ನೂರಕ್ಕೂ ಹೆಚ್ಚು ಕೊಡ, ಪ್ರತಿ ದಿನ! ಜಾಗ ಉಳೋ ಮೊದಲು ಈ ಒಂದು ಗುಣಾಕಾರ ಮಾಡಿದ್ದರೆ ಟ್ರ್ಯಾಕ್ಟರ್ ಬಾಡಿಗೆ ಉಳೀತಿತ್ತು.

ಅದೇ ಲೆಕ್ಕ ಇನ್ನೊಂದು ಕಡೆಯಿಂದ ನೋಡಿ. ಐದು ಜನರ ಮನೆಯ ಸ್ನಾನ, ಪಾತ್ರೆಯ ನೀರು ತಲೆಗೆ 50 ಲೀಟರ್ ಅಂದರೂ 250 ಲೀಟರ್. ಅರ್ಧ ಗುಂಟೆ ಹಿತ್ತಲಿಗೆ ಬೇಸಿಗೆಯಲ್ಲೂ ಸಾಕು. ಸಾವಿರ ಚದರ ಅಡಿ ಚಾವಣಿ ಮೇಲೆ ನಮ್ಮ ಕಡೆಯ ಮಳೆಯಲ್ಲಿ ವರ್ಷಕ್ಕೆ 50,000 ಲೀಟರ್ ಹಿಡಿಯಬಹುದು. ಹತ್ತು ಗುಂಟೆಗೆ ಅದು ಹತ್ತೇ ದಿನ. ಒಂದು ಗುಂಟೆಗೆ ನೂರು ದಿನ. ಅಷ್ಟನ್ನೂ ಕೂಡಿಡೋಕೆ ದೊಡ್ಡ ತೊಟ್ಟಿ ಬೇಕು, ನಿಜ. ಕಾಲು ಭಾಗ ಹಿಡಿದರೂ ಮಳೆ ಕೈಕೊಟ್ಟ ಮೂರು ವಾರ ದಾಟುತ್ತೆ.

2021ರ ಜೂನ್‌ನಲ್ಲಿ ಮತ್ತೆ ಶುರು ಮಾಡಿದೆ. ಈ ಸಲ ಹತ್ತು ಗುಂಟೆಯನ್ನು ಅಜ್ಜಿ ಹೇಳಿದ ಹಾಗೆ ಮೂರಾಗಿ ಕತ್ತರಿಸಿದೆ. ಬಚ್ಚಲ ಕಾಲುವೆಯನ್ನು ಮತ್ತೆ ಬಿಡಿಸಿ ಹೀರೆ, ಸೋರೆ ಚಪ್ಪರ, ಬಾಳೆ. ಒಂದೇ ಒಂದು ಗುಂಟೆಗೆ ಮಡಿ ಕಟ್ಟಿ, ಕೊಟ್ಟಿಗೆ ಗೊಬ್ಬರ ಹಾಕಿ, ಟೊಮೆಟೊ, ಬದನೆ, ಬೆಂಡೆ, ದಂಟು. ನೀರು ಚಾವಣಿಯ ತೊಟ್ಟಿಯಿಂದ. ಉಳಿದ ನೆಲಕ್ಕೆಲ್ಲ ರಾಗಿ, ಅದರಲ್ಲಿ ಅಕ್ಕಡಿ ಸಾಲು, ಬದುವಿಗೆ ಕುಂಬಳ.

ಆ ವರ್ಷ ನವೆಂಬರ್‌ನಲ್ಲಿ ಏನಾಯ್ತು ನಿಮಗೆ ನೆನಪಿರಬಹುದು. ವಿಪರೀತ ಮಳೆ. ಜಿಲ್ಲೆಯ ಕೆರೆಗಳು ಕೋಡಿ ಬಿದ್ದವು. ನನ್ನ ಟೊಮೆಟೊ ಗಿಡದಲ್ಲೇ ಕೊಳೆತವು, ರಾಗಿ ನೆಲಕ್ಕೆ ಮಲಗಿತು. ಮತ್ತೊಂದು ಸೋಲು ಅಂದುಕೊಂಡೆ. ಆದರೆ ಬದುವಿನ ಕುಂಬಳ ಹಾಗೇ ಇತ್ತು, ಚಪ್ಪರದ ಸೋರೆ ಇತ್ತು, ತೊಗರಿ ನಿಂತಿತ್ತು. ಅವರೆ ತಡವಾಗಿ ಹೂ ಬಿಟ್ಟರೂ ಇಬ್ಬನಿ ಕುಡಿದು ಸೊನೆ ತುಂಬಿಕೊಂಡಿತು. ಸಂಕ್ರಾಂತಿಗೆ ಮನೆಯಲ್ಲಿ ಹಿದಕಿದ ಬೇಳೆ ಸಾರು ಆಯ್ತು, ನಮ್ಮದೇ ಅವರೆಯದ್ದು.

ಹಳೇ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳ್ತಾ ಇಲ್ಲ. ಕಪಿಲೆ ಹೊಡೆದವರ ಬೆನ್ನು ನೋವು, ಕೆರೆ ಬತ್ತಿದ ವರ್ಷದ ಹಸಿವು ನಮಗೆ ಬೇಡ. ಹನಿ ಪೈಪು, ಒಳ್ಳೆಯ ತಳಿ, ಮೊಬೈಲಿನ ವಿಡಿಯೋ, ಎಲ್ಲಾ ಇರಲಿ. ಆದರೆ ನೀವು ಊರಿಗೆ ಹೋಗಿ ದೊಡ್ಡದಾಗಿ ತರಕಾರಿ ತೋಟ ಹಾಕಬೇಕು ಅಂತಿದ್ದರೆ ಟೇಪು ಹಿಡಿದು ಜಾಗ ಅಳೆಯೋ ಮುಂಚೆ ಬಕೆಟ್ ಹಿಡಿದು ನೀರು ಅಳೆಯಿರಿ. ಮಳೆಯದು ಎಷ್ಟು, ಬಚ್ಚಲಿಂದು ಎಷ್ಟು, ಬಾವಿ ಅಥವಾ ಬೋರಿನದು ಎಷ್ಟು ಅಂತ ಬೇರೆ ಬೇರೆ ಬರೆದುಕೊಳ್ಳಿ. ಯಾವ ನೀರಿಗೆ ಯಾವ ಗಿಡ ಅಂತ ಆಮೇಲೆ ತೀರ್ಮಾನ ಮಾಡಿ.

ನಮ್ಮ ಮನೆ ಹಿಂದಿನ ಬಾವಿ ನಾನು ಹುಟ್ಟೋ ಮೊದಲೇ ಬತ್ತಿತ್ತಂತೆ. ಎತ್ತು ಇಳೀತಿದ್ದ ಇಳಿಜಾರು ಮಾತ್ರ ಇನ್ನೂ ಇದೆ, ಹುಲ್ಲು ಮುಚ್ಚಿಕೊಂಡು. ಅಜ್ಜಿ ಈಗಲೂ ಆ ಕಡೆ ಹೋದಾಗ ಕಲ್ಲು ಹಾಕಿ ಕಿವಿಗೊಡ್ತಾರೆ. 2021ರ ಮಳೆ ನಿಂತ ಮೇಲೆ ಒಂದು ದಿನ, ಎಷ್ಟೋ ವರ್ಷಗಳ ನಂತರ, ಕೆಳಗಿಂದ ನೀರಿನ ಸದ್ದು ಬಂತು. ಒಳಗೆ ಓಡಿ ಬಂದು ನನ್ನನ್ನು ಕರೆದರು. ಇಬ್ಬರೂ ಬಗ್ಗಿ ನೋಡಿದ್ವಿ. ಬೇಸಿಗೆಗೆ ಎಷ್ಟು ದಿನ ಉಳಿಯುತ್ತೆ ಅಂತ ಕೇಳಿದೆ. "ಇನ್ನೆರಡು ಮಡಿ ಹಾಕು, ಅಷ್ಟೇ. ಆಸೆ ಬೀಳಬೇಡ" ಅಂದರು.

ಎರಡೇ ಮಡಿ ಹಾಕಿದೆ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ನಿಮ್ಮ ಊರಲ್ಲಿ ಹಿತ್ತಲಿಗೆ ಯಾವ ನೀರು ಹೋಗ್ತಿತ್ತು ಅಂತ ಅಷ್ಟರಲ್ಲಿ ಮನೆಯ ಹಿರಿಯರನ್ನು ಒಂದು ಮಾತು ಕೇಳಿ ನೋಡಿ.